ಕಸೂತಿಯಲ್ಲಿ ಸೂಜಿಯ ದಾರಿ

(ಕಸೂತಿ ಕಲಿಯುವವರು ಮತ್ತು ಕಲಿಸುವವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತವರಲ್ಲಿ ಬಹುಪಾಲು ಮಂದಿ ಸೂಜಿ ಹಿಡಿದು ಬಲ್ಲವರೇ ಆಗಿರುವುದರಿಂದ, ಕಸೂತಿಯ ಚೆಲುವನ್ನು ಹೊಗಳುವುದರಲ್ಲಿ ಹೊತ್ತು ಕಳೆಯದೆ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ನಾವು ಒಬ್ಬರಿಗೊಬ್ಬರು ಕಸೂತಿ ಹೇಳಿಕೊಡುವಾಗ ಸಾಮಾನ್ಯವಾಗಿ ಚಿತ್ರವನ್ನು ಕೊಡುತ್ತೇವೆ. ಚೌಕಳಿ ಹಾಳೆಯ ಮೇಲೆ ಬರೆದ ಗೋಪುರವನ್ನೋ, ಮೊಬೈಲಿನಲ್ಲಿ ತೆಗೆದ ಹಳೆಯ ಸೆರಗಿನ ಫೋಟೊವನ್ನೋ ಮುಂದಿಟ್ಟು, ಎಳೆ ಎಣಿಸಿಕೊಂಡು ಹಾಕಿ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಆ ಚಿತ್ರದಲ್ಲಿ ಇರುವುದು ಮುಗಿದ ಕೆಲಸ ಮಾತ್ರ. ಸೂಜಿ ಎಲ್ಲಿಂದ ಹೊರಟಿತು, ಯಾವ ಕವಲಿಗೆ ಮೊದಲು ತಿರುಗಿತು, ಎಲ್ಲಿಗೆ ಹೋಗಿ ಹಿಂದಿರುಗಿತು ಎಂಬುದು ಅದರಲ್ಲಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಕಸೂತಿಯ ಮಟ್ಟಿಗೆ ಆ ದಾರಿಯೇ ವಿದ್ಯೆ ಎಂದು ನಾನು ನಂಬಿದ್ದೇನೆ. ಚಿತ್ರದ ಜೊತೆಗೆ ದಾರಿಯನ್ನೂ ಹಂಚಿಕೊಳ್ಳುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಕಸೂತಿ ಬೆಳೆದದ್ದು ಇಳಕಲ್ ಸೀರೆಯ ಮೇಲೆ, ಖಣದ ಕುಪ್ಪಸದ ಮೇಲೆ, ಮಕ್ಕಳ ಕುಲಾಯಿ, ಕುಂಚಿಗೆಗಳ ಮೇಲೆ. ಮದುವೆಯ ಹೆಣ್ಣಿಗೆ ಕೊಡುವ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯಲ್ಲಿ ಅದು ತನ್ನ ಪೂರ್ಣ ವೈಭವದಲ್ಲಿ ಕಾಣುತ್ತದೆ. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ವೃಂದಾವನದಂತಹ ದೊಡ್ಡ ವಿನ್ಯಾಸಗಳು ಸೆರಗಿನ ಹತ್ತಿರ ಕುಳಿತುಕೊಂಡು, ಒಡಲಿನ ಕಡೆಗೆ ಸಾಗಿದಂತೆ ಗಿಳಿ, ಹೂ, ನಕ್ಷತ್ರಗಳು ಚಿಕ್ಕದಾಗುತ್ತಾ ವಿರಳವಾಗುತ್ತಾ ಹೋಗುವುದು ವಾಡಿಕೆ. ಇಷ್ಟೆಲ್ಲವನ್ನೂ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಬರೆದುಕೊಳ್ಳದೆ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ, ಗಂಟು ಹಾಕದೆ ತುಂಬುತ್ತಾರೆ. ಗೆರೆ ಬರೆದುಕೊಳ್ಳುವ ಹೊಲಿಗೆಯಲ್ಲಿ ಕೈ ತಪ್ಪಿದರೆ ಗೆರೆ ಎಚ್ಚರಿಸುತ್ತದೆ. ಇಲ್ಲಿ ಎಚ್ಚರಿಸುವುದು ಎಣಿಕೆಯೊಂದೇ. ಒಂದು ಎಳೆ ತಪ್ಪಿದರೂ ತೇರಿನ ಎರಡು ಬದಿಗಳು ಶಿಖರದಲ್ಲಿ ಒಂದನ್ನೊಂದು ಸೇರುವುದಿಲ್ಲ, ಮತ್ತು ಆ ತಪ್ಪು ಎಷ್ಟೋ ಸಾಲುಗಳಾದ ಮೇಲೆ, ಶಿಖರಕ್ಕೆ ಬಂದಾಗಲೇ ತಿಳಿಯುತ್ತದೆ.

ಕಸೂತಿಯ ನಾಲ್ಕು ಹೊಲಿಗೆಗಳ ಹೆಸರು ನಿಮಗೆಲ್ಲ ಗೊತ್ತು: ಗವಂತಿ, ಮುರ್ಗಿ, ನೇಯ್ಗಿ, ಮತ್ತು ಗುಣಾಕಾರದ ಗುರುತಿನಂತೆ ಎರಡು ಓರೆ ಗೀಟು ಹಾಯುವ ಮೆಂತಿ. ಇವುಗಳಲ್ಲಿ ಗವಂತಿ ಮತ್ತು ಮುರ್ಗಿಗಳನ್ನು ಒಂದು ಗುಂಪಾಗಿಯೂ ಉಳಿದೆರಡನ್ನು ಬೇರೆಯಾಗಿಯೂ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಮೊದಲ ಎರಡರಲ್ಲಿ ಬಟ್ಟೆಯ ಎರಡೂ ಮೈಗಳು ಒಂದೇ ರೀತಿ ಕಾಣುತ್ತವೆ. ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಬೀಳುತ್ತದೆ. ಬರುವಾಗ ಅದೇ ತೂತುಗಳ ಮೂಲಕ ಖಾಲಿ ಉಳಿದ ಜಾಗಗಳು ತುಂಬುತ್ತವೆ. ಗವಂತಿಯ ಗೆರೆ ಅಡ್ಡ, ಉದ್ದ, ಓರೆ ಎಲ್ಲ ದಿಕ್ಕಿಗೂ ಸಾಗಬಲ್ಲದು. ಮುರ್ಗಿ ಒಂದು ಹೊಲಿಗೆ ಅಡ್ಡ, ಒಂದು ಹೊಲಿಗೆ ಉದ್ದ ಎಂದು ಮೆಟ್ಟಿಲಿನಂತೆ ಏರುತ್ತದೆ. ಹೋಗಿ ಬರುವ ಕ್ರಮ ಮಾತ್ರ ಎರಡರಲ್ಲೂ ಒಂದೇ.

ಈ ಹೋಗಿ ಬರುವ ಕ್ರಮವನ್ನು ಒಂದು ಸಣ್ಣ ಉದಾಹರಣೆಯಲ್ಲಿ ನಿಧಾನವಾಗಿ ನೋಡೋಣ; ಕೈಯಲ್ಲಿ ಬಟ್ಟೆ ಇದ್ದವರು ಜೊತೆಗೇ ಹಾಕಬಹುದು. 5 ಹೊಲಿಗೆಗಳ ಒಂದು ಅಡ್ಡ ಗೆರೆ ಇದೆ ಎಂದುಕೊಳ್ಳಿ. ಎರಡನೆಯ ಹೊಲಿಗೆ ಮುಗಿಯುವಲ್ಲಿ 3 ಹೊಲಿಗೆಗಳ ಒಂದು ಕವಲು ಮೇಲಕ್ಕೆ ಏಳುತ್ತದೆ. ಎಡತುದಿಯಿಂದ ಹೊರಟ ಸೂಜಿ ಮೊದಲ ಹೊಲಿಗೆಯನ್ನು ಮೇಲ್ಮೈಯಲ್ಲೂ ಎರಡನೆಯದನ್ನು ಹಿಂಬದಿಯಲ್ಲೂ ಹಾಕಿ ಕವಲಿನ ಬುಡಕ್ಕೆ ಬರುತ್ತದೆ. ಹೊಸಬರು ಇಲ್ಲಿ ಕವಲನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಮುಂದಕ್ಕೆ ಸಾಗುತ್ತಾರೆ. ಹಾಗೆ ಸಾಗದೆ ಕವಲನ್ನೇ ಹತ್ತಿ: ಮೇಲೆ, ಹಿಂದೆ, ಮೇಲೆ. ತುದಿ ಮುಟ್ಟಿತು. ಅಲ್ಲಿಂದ ಅದೇ ತೂತುಗಳಲ್ಲಿ ಇಳಿಯಿರಿ: ಹಿಂದೆ, ಮೇಲೆ, ಹಿಂದೆ. ಸೂಜಿ ಮತ್ತೆ ಬುಡದಲ್ಲಿದೆ, ಕವಲು ಎರಡೂ ಮೈಯಲ್ಲಿ ತುಂಬಿದೆ. ಇನ್ನು ಅಡ್ಡ ಗೆರೆಯ ಉಳಿದ ಮೂರು ಹೊಲಿಗೆಗಳು: ಮೇಲೆ, ಹಿಂದೆ, ಮೇಲೆ. ಬಲತುದಿಯಿಂದ ಹಿಂದಿರುಗುವಾಗ ಹಿಂದೆ, ಮೇಲೆ, ಹಿಂದೆ, ಮೇಲೆ, ಹಿಂದೆ ಎಂದು ಐದು ಹೆಜ್ಜೆ ಇಟ್ಟರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ಗೆರೆಯಲ್ಲಿರುವ ಹೊಲಿಗೆಗಳು 8, ಸೂಜಿಯ ಹೆಜ್ಜೆಗಳು 16. ಎಲ್ಲಿಯೂ ಎರಡು ಸಲ ಒಂದೇ ಮೈ ಮೇಲೆ ದಾರ ಬಿದ್ದಿಲ್ಲ, ಎಲ್ಲಿಯೂ ಖಾಲಿ ಉಳಿದಿಲ್ಲ.

ಕವಲಿಗೆ ಹೋಗಿ ಬಂದರೂ ಮುಖ್ಯ ಗೆರೆಯ ಮೇಲೆ-ಹಿಂದೆಯ ಸರದಿ ಏಕೆ ಕೆಡಲಿಲ್ಲ ಎಂಬುದನ್ನು ಗಮನಿಸಿ. ಕವಲು ಎಷ್ಟೇ ಉದ್ದವಿರಲಿ, ಅದರಲ್ಲಿ ಇನ್ನೆಷ್ಟು ಕವಲುಗಳಿರಲಿ, ಹೋಗಿ ಬರುವ ಹೆಜ್ಜೆಗಳ ಒಟ್ಟು ಲೆಕ್ಕ ಯಾವಾಗಲೂ ಸಮಸಂಖ್ಯೆಯೇ ಆಗಿರುತ್ತದೆ. ಆದ್ದರಿಂದ ಬುಡಕ್ಕೆ ಮರಳಿದಾಗ ಸೂಜಿ ಬಿಟ್ಟು ಹೋದ ಸರದಿಯನ್ನೇ ಮುಂದುವರಿಸುತ್ತದೆ. ಮುಚ್ಚಿಕೊಳ್ಳುವ ಆಕೃತಿಗಳಿಗೂ, ಉದಾಹರಣೆಗೆ ಕಮಲದ ದಳಗಳಿಗೂ, ಇದು ನಡೆಯುತ್ತದೆ. ಸುತ್ತಿ ಬಂದ ಗೆರೆ ಹಳೆಯ ತೂತಿಗೆ ಬಂದು ಸೇರಿದಾಗ ಆ ಜಾಗವನ್ನು ಕವಲಿನ ತುದಿ ಎಂದೇ ಭಾವಿಸಿ ಬಂದ ದಾರಿಯಲ್ಲಿ ಹಿಂದಿರುಗಿದರೆ ಸಾಕು. ಗಣಿತ ಓದಿದವರಿಗೆ ಇಲ್ಲಿ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಪ್ರಶ್ನೆ ನೆನಪಾಗಬಹುದು. ಪ್ರತಿ ಸೇತುವೆಯನ್ನು ಒಂದೇ ಸಲ ದಾಟಿ ಊರೆಲ್ಲ ಸುತ್ತಲು ಸಾಧ್ಯವಿಲ್ಲ ಎಂದು ಲಿಯೊನಾರ್ಡ್ ಆಯ್ಲರ್ 18ನೆಯ ಶತಮಾನದಲ್ಲಿ ತೋರಿಸಿದ. ಆದರೆ ಪ್ರತಿ ಸೇತುವೆಯನ್ನು ಎರಡು ಸಲ ದಾಟಬಹುದು ಎಂದಾದರೆ ಯಾವ ಊರಿನಲ್ಲಾದರೂ ಹೊರಟಲ್ಲಿಗೆ ಬಂದು ಸೇರಬಹುದು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ನಾವು ಎರಡು ಸಲ ದಾಟುತ್ತೇವೆ. ಹಾಗಾಗಿ ತುಂಡಾಗದೆ ಒಂದಕ್ಕೊಂದು ಅಂಟಿಕೊಂಡಿರುವ ಯಾವ ವಿನ್ಯಾಸವನ್ನಾದರೂ, ಅದು ಎಷ್ಟೇ ಜಟಿಲವಾಗಿರಲಿ, ಎರಡೂ ಮೈ ಒಂದೇ ಆಗುವಂತೆ ಹಾಕಿ ಹೊರಟಲ್ಲಿಗೆ ಮರಳಲು ದಾರಿ ಇದ್ದೇ ಇರುತ್ತದೆ. ಈ ವಿನ್ಯಾಸ ಗವಂತಿಯಲ್ಲಿ ಬರುವುದೇ ಇಲ್ಲ ಎಂದು ಯಾರಾದರೂ ಕೈಚೆಲ್ಲಿದರೆ, ದಾರಿ ಇದೆ, ಕುಳಿತು ಹುಡುಕೋಣ ಎಂದು ಧೈರ್ಯವಾಗಿ ಹೇಳಬಹುದು. ಗೆರೆಗಳಿಗೆ ಅಂಟದೆ ಒಂಟಿಯಾಗಿ ನಿಂತ ಚುಕ್ಕೆಗೆ ಮಾತ್ರ ಬೇರೆ ದಾರವೇ ಬೇಕು.

ಕವಲನ್ನು ಹೋಗುವಾಗ ಮುಗಿಸಬೇಕೋ ಬರುವಾಗ ಮುಗಿಸಬೇಕೋ ಎಂಬ ಚರ್ಚೆ ಬಲ್ಲವರ ನಡುವೆಯೂ ಇದೆ. ಲೆಕ್ಕದಲ್ಲಿ ಎರಡೂ ಸರಿ. ನಾನು ಹೋಗುವಾಗಲೇ ಮುಗಿಸಿ ಎನ್ನುತ್ತೇನೆ. ಹಾಗೆ ಮಾಡಿದರೆ ಹಿಂದಿರುಗುವ ಪಯಣದಲ್ಲಿ ಖಾಲಿ ಜಾಗ ತುಂಬುವ ಕೆಲಸವಷ್ಟೇ ಉಳಿಯುತ್ತದೆ, ಕಣ್ಣಿಗೂ ಎಣಿಕೆಗೂ ಬಿಡುವು ಸಿಗುತ್ತದೆ. ಬರುವಾಗ ಮಾಡಿಕೊಂಡರಾಯಿತು ಎಂದು ಬಿಟ್ಟ ಕವಲು ಮರೆತುಹೋಗಿ, ಸೂಜಿ ಅದರ ಬುಡವನ್ನು ದಾಟಿಬಿಟ್ಟರೆ, ಅಲ್ಲಿಗೆ ಮತ್ತೆ ಹೋಗಲು ಹಿಂಬದಿಯಲ್ಲಿ ದಾರವನ್ನು ಹಾರಿಸದೆ ಬೇರೆ ಉಪಾಯವಿರುವುದಿಲ್ಲ.

ಹಿಂದಿರುಗುವ ಪಯಣದ ಬಗ್ಗೆ ಇನ್ನೊಂದು ಮಾತು. ಅನೇಕರ ಗವಂತಿ ನೇರವಾಗಿ ಬರದೆ ಗರಗಸದ ಹಲ್ಲಿನ ಹಾಗೆ ಅಲುಗುತ್ತದೆ. ಎಣಿಕೆ ತಪ್ಪಿದೆ ಎಂದು ಅವರು ಹುಡುಕುತ್ತಾರೆ, ಎಣಿಕೆ ಸರಿಯಾಗಿಯೇ ಇರುತ್ತದೆ. ಒಂದೇ ತೂತಿನಲ್ಲಿ ಮೊದಲೇ ಇರುವ ದಾರದ ಯಾವ ಪಕ್ಕದಿಂದ ಸೂಜಿ ಮೇಲೆ ಬಂತು, ಯಾವ ಪಕ್ಕದಲ್ಲಿ ಕೆಳಗೆ ಹೋಯಿತು ಎಂಬುದು ಪ್ರತಿ ಸಲವೂ ಬದಲಾಗುತ್ತಿರುವುದೇ ಇದಕ್ಕೆ ಕಾರಣ. ಅಡ್ಡ ಗೆರೆಯಲ್ಲಿ ಸೂಜಿ ಹಳೆಯ ದಾರದ ಮೇಲ್ಗಡೆಯಿಂದ ಹೊರಬಂದರೆ ಮುಂದಿನ ತೂತಿನಲ್ಲಿ ಹಳೆಯ ದಾರದ ಕೆಳಗಡೆಯಿಂದ ಒಳಹೋಗಲಿ. ಗೆರೆಯ ಉದ್ದಕ್ಕೂ ಇದೇ ನಿಯಮ ನಡೆಯಲಿ. ಮೊನೆ ಮೊಂಡಾಗಿರುವ ಸೂಜಿ ಬಳಸಿದರೆ ಹಳೆಯ ದಾರ ಸೀಳುವುದೂ ತಪ್ಪುತ್ತದೆ. ಸೂಜಿ ಬದಲಿಸಿದ್ದರಿಂದ ಮತ್ತು ಈ ಒಂದು ನಿಯಮದಿಂದ ಕೆಲಸ ಎಷ್ಟು ಸುಧಾರಿಸುತ್ತದೆ ಎಂಬುದನ್ನು ಕಲಿಸುವವರು ಒಂದೇ ಸಂಜೆಯಲ್ಲಿ ಕಾಣಬಹುದು.

ಈಗ ಬಟ್ಟೆಯ ವಿಷಯ. ಕಲಿಯುವಾಗ ಎಳೆಗಳನ್ನು ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಮೇಲೆ ಚೆಂದವಾಗಿ ಬಂದ ಆನೆ ಸೀರೆಯ ಮೇಲೆ ಉದ್ದವಾಗಿಯೋ ಕುಳ್ಳಾಗಿಯೋ ಕಾಣುತ್ತದೆ ಎಂಬ ದೂರು ಮೇಲಿಂದ ಮೇಲೆ ಬರುತ್ತದೆ. ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಅಂಗುಲಕ್ಕೆ ಸಮನಾಗಿರದ ಬಟ್ಟೆಯಲ್ಲಿ ಹೀಗಾಗದೆ ಇರದು. ಅಡ್ಡಕ್ಕೆ ಅಂಗುಲದಲ್ಲಿ 28 ಎಳೆ, ಉದ್ದಕ್ಕೆ 24 ಎಳೆ ಇರುವ ಬಟ್ಟೆಯಲ್ಲಿ ಹೊಲಿಗೆಗೆ 2 ಎಳೆಯಂತೆ ಎಣಿಸಿದರೆ, 70 ಚೌಕ ಅಗಲ ಮತ್ತು 70 ಚೌಕ ಎತ್ತರದ ಕಮಲ 5 ಅಂಗುಲ ಅಗಲವಾಗಿಯೂ ಸುಮಾರು 5.8 ಅಂಗುಲ ಎತ್ತರವಾಗಿಯೂ ಬರುತ್ತದೆ. ಗೋಪುರಕ್ಕೆ ಇದು ಶೋಭೆಯೇ ಆಗಬಹುದು, ಕಮಲಕ್ಕೆ ಆಗುವುದಿಲ್ಲ. ಕೆಲಸ ಆರಂಭಿಸುವ ಮೊದಲು ಬಟ್ಟೆಯ ಅಂಚಿನಲ್ಲಿ ಎರಡೂ ದಿಕ್ಕಿಗೆ ಸಮನಾದ ಎಣಿಕೆಯ ಒಂದು ಚೌಕವನ್ನು ಹೊಲಿದು ಅಳತೆಪಟ್ಟಿಯಿಂದ ಅಳೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ಒಂದು ದಿಕ್ಕಿಗೆ 4, ಇನ್ನೊಂದಕ್ಕೆ 3 ಎಂದು ಎಳೆಗಳನ್ನು ಹೊಂದಿಸಬಹುದು, ಇಲ್ಲವೇ ಚಿತ್ರವನ್ನೇ ಬದಲಿಸಬಹುದು. ಬಟ್ಟೆಯ ಮೇಲೆ ಜಾಳಿಗೆಯನ್ನು ಇಟ್ಟು ಹೊಲಿದು ಆಮೇಲೆ ಜಾಳಿಗೆಯ ಎಳೆಗಳನ್ನು ಎಳೆದು ತೆಗೆಯುವ ಪದ್ಧತಿಯಿಂದ ಈ ತೊಂದರೆ ತಪ್ಪುತ್ತದೆ, ಎಣಿಸಲಾಗದಷ್ಟು ನಯವಾದ ರೇಷ್ಮೆಗೆ ಅದು ಅನಿವಾರ್ಯವೂ ಹೌದು. ಆದರೆ ಎಣಿಸಲು ಬರುವ ಬಟ್ಟೆಯ ಮೇಲೂ ಅದನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಜಾಳಿಗೆ ತೆಗೆದ ಮೇಲೆ ಹೊಲಿಗೆಗಳು ಸ್ವಲ್ಪ ಸಡಿಲವಾಗಿ ಉಳಿಯುತ್ತವೆ.

ನೇಯ್ಗಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಸಾಲುಸಾಲಾಗಿ ಸಾಗುವ ಓಟದ ಹೊಲಿಗೆ. ಮುಂದೆ ದಾರವಿರುವಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇರುವಲ್ಲಿ ಹಿಂದೆ ದಾರ. ದಾರ ಬಹಳ ಉದ್ದಕ್ಕೆ ಹಾಯದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಎಳೆದುಕೊಳ್ಳುತ್ತದೆ. ಮೆಂತಿಗೆ ಮಾತ್ರ ಸ್ವಲ್ಪ ಲೆಕ್ಕ ಬೇಕು. ಗವಂತಿಯ ಒಂದು ಹೊಲಿಗೆಯ ಉದ್ದವನ್ನು 1 ಎಂದು ಹಿಡಿದರೆ ಎರಡೂ ಮೈ ಸೇರಿ ಅದಕ್ಕೆ ತಗಲುವ ದಾರ 2. ಅಷ್ಟೇ ಅಗಲದ ಚೌಕದಲ್ಲಿ ಒಂದು ಮೆಂತಿಗೆ ಮುಂದೆ ಎರಡು ಓರೆ ಗೀಟುಗಳು, ಹಿಂದೆ ಎರಡು ನೆಟ್ಟನೆಯ ಗೀಟುಗಳು ಬೇಕು. ಓರೆ ಗೀಟು 1.4ರಷ್ಟು ಉದ್ದವಿರುವುದರಿಂದ ಒಟ್ಟು ಸುಮಾರು 4.8 ಆಗುತ್ತದೆ. ಮೆಂತಿಯಿಂದ ತುಂಬಿದ ಗೋಪುರ ಭಾರವಾಗುವುದು, ಬಟ್ಟೆ ಸುಕ್ಕಾಗುವುದು, ಅಂದಾಜಿಸಿದ್ದ ದಾರ ಅರ್ಧದಲ್ಲೇ ಮುಗಿಯುವುದು ಇದರಿಂದಲೇ. ಅರ್ಧದಲ್ಲಿ ದಾರ ಮುಗಿದು, ಅದೇ ಬಣ್ಣದ ಬೇರೆ ಲಡಿ ತಂದರೆ ಛಾಯೆ ಹೊಂದದೆ ಹೋಗುವ ಸಂಕಟವನ್ನು ನಿಮ್ಮಲ್ಲಿ ಎಷ್ಟೋ ಮಂದಿ ಬಲ್ಲಿರಿ. ವಿನ್ಯಾಸ ಹಂಚಿಕೊಳ್ಳುವಾಗ ಎಷ್ಟು ಚೌಕ ಮೆಂತಿ ಇದೆ ಎಂದು ಬರೆದು ತಿಳಿಸಿದರೆ ಪಡೆದವರಿಗೆ ಅದೊಂದು ದೊಡ್ಡ ಉಪಕಾರ.

ನಮ್ಮ ಗವಂತಿಯದೇ ಕ್ರಮದ ಹೊಲಿಗೆ ಯುರೋಪಿನಲ್ಲಿಯೂ ಇತ್ತು. 16ನೆಯ ಶತಮಾನದಲ್ಲಿ ಹಾನ್ಸ್ ಹೋಲ್‌ಬೈನ್ ಎಂಬ ಚಿತ್ರಕಾರ ಬರೆದ ಭಾವಚಿತ್ರಗಳಲ್ಲಿ ಕೊರಳುಪಟ್ಟಿ, ತೋಳಿನ ಅಂಚುಗಳ ಮೇಲೆ ಆ ಕಪ್ಪು ಕಸೂತಿ ಎಷ್ಟು ಸ್ಪಷ್ಟವಾಗಿ ಮೂಡಿದೆಯೆಂದರೆ ಆ ಹೊಲಿಗೆಗೆ ಈಗ ಅವನ ಹೆಸರೇ ನಿಂತಿದೆ. ಅದೇ ಶತಮಾನದ 1520ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಹೊಲಿಗೆಯ ವಿನ್ಯಾಸಗಳ ಪುಸ್ತಕ ಅಚ್ಚಾಯಿತು. ಆಮೇಲೆ ಅಂತಹ ಪುಸ್ತಕಗಳು ಬೇರೆ ಊರುಗಳಲ್ಲೂ ಬಂದವು. ಅಚ್ಚಿನ ಜೊತೆಜೊತೆಗೇ ಇನ್ನೊಂದು ಪದ್ಧತಿಯೂ ನಡೆಯಿತು: ಕಲಿತ ಹೊಲಿಗೆಗಳನ್ನೆಲ್ಲ ಒಂದು ತುಂಡು ಬಟ್ಟೆಯ ಮೇಲೆ ಹಾಕಿ ಇಟ್ಟುಕೊಳ್ಳುವ ಮಾದರಿ ಬಟ್ಟೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1598ರ ಇಸವಿಯನ್ನೇ ಹೊಲಿದು ನಮೂದಿಸಿದ ಅಂತಹ ಒಂದು ಬಟ್ಟೆ ಇದೆ. ಪುಸ್ತಕದ ಪುಟಕ್ಕಿಂತ ಮಾದರಿ ಬಟ್ಟೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಪುಟವನ್ನು ಮಗುಚಿದರೆ ಬೇರೊಂದು ಚಿತ್ರ ಸಿಗುತ್ತದೆ. ಬಟ್ಟೆಯನ್ನು ಮಗುಚಿದರೆ ಹೊಲಿದವರ ಕೈ ಹೇಗೆ ನಡೆಯಿತು ಎಂಬುದು ಸಿಗುತ್ತದೆ.

ಆದ್ದರಿಂದ ನನ್ನ ಮೊದಲ ಕೋರಿಕೆ, ಯಾವುದೇ ವಿನ್ಯಾಸದ ಫೋಟೊ ಕಳಿಸುವಾಗ ಹಿಂಬದಿಯ ಫೋಟೊವನ್ನೂ ಕಳಿಸಿ. ಎರಡನೆಯದಾಗಿ, ಚೌಕಳಿ ಹಾಳೆಯ ಮೇಲೆ ಆರಂಭದ ತೂತನ್ನು ಗುರುತಿಸಿ, ಕವಲುಗಳಿಗೆ ನೀವು ಹೊಕ್ಕ ಕ್ರಮದಲ್ಲಿ ಅಂಕಿ ಕೊಡಿ, ದಾರ ಬದಲಿಸಿದ ಜಾಗಗಳಿಗೆ ಒಂದು ಗುರುತು ಹಾಕಿ. ಬಟ್ಟೆಯ ಎಳೆ ಅಂಗುಲಕ್ಕೆ ಎಷ್ಟು, ಹೊಲಿಗೆಗೆ ಎಷ್ಟು ಎಳೆ ಎಣಿಸಿದಿರಿ, ಆರು ಎಳೆಯ ದಾರದಲ್ಲಿ ಎಷ್ಟನ್ನು ಬಿಡಿಸಿ ಬಳಸಿದಿರಿ ಎಂಬುದೂ ಅಲ್ಲೇ ಇರಲಿ. ಇಷ್ಟು ಬರೆಯಲು ಹೆಚ್ಚು ಹೊತ್ತು ಬೇಡ, ಆದರೆ ಪಡೆದವರಿಗೆ ಎಷ್ಟೋ ಸಂಜೆಗಳ ಬಿಚ್ಚಾಟ ಉಳಿಯುತ್ತದೆ. ಹಿರಿಯರ ಪಕ್ಕದಲ್ಲಿ ಕುಳಿತು ಕಲಿತವರಿಗೆ ಈ ಬರಹ ಬೇಕಿರಲಿಲ್ಲ, ದಾರಿಯನ್ನು ಅವರು ಕಣ್ಣಾರೆ ನೋಡುತ್ತಿದ್ದರು. ಇಂದು ಕಲಿಯುವವರಲ್ಲಿ ಅನೇಕರಿಗೆ ಆ ಪಕ್ಕದ ಜಾಗ ಸಿಕ್ಕುವುದಿಲ್ಲ.

ಪರಸ್ಪರರ ಕೆಲಸವನ್ನು ತಿದ್ದುವ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಿಂಬದಿ ನೋಡಿ ತೀರ್ಪು ಕೊಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಗವಂತಿ, ಮುರ್ಗಿಗಳಿಗೆ ಆ ಅಳತೆ ನ್ಯಾಯವಾದದ್ದೇ. ಮೆಂತಿಗೂ ನೇಯ್ಗಿಗೂ ಅದನ್ನೇ ಹಿಡಿದು, ಹಿಂದೆ ಮುಂದಿನ ಹಾಗಿಲ್ಲ ಎಂದು ಹೊಸಬರನ್ನು ಕುಗ್ಗಿಸುವುದು ಹೊಲಿಗೆಯ ಸ್ವಭಾವವನ್ನೇ ತಿಳಿಯದ ಮಾತಾಗುತ್ತದೆ. ಸಂಡೂರಿನ ಲಂಬಾಣಿ ಮಹಿಳೆಯರ ಕಸೂತಿಯನ್ನು ನೋಡಿ: ಕನ್ನಡಿ, ಕವಡೆ, ತೇಪೆಗಳು ಸೇರಿ ಬೆಳಗುವ ಆ ಕೆಲಸ ಮುಂಬದಿಗಾಗಿಯೇ ಹುಟ್ಟಿದ್ದು, ಅದನ್ನು ಗವಂತಿಯ ಅಳತೆಗೋಲಿನಿಂದ ಅಳೆಯುವುದು ಸಲ್ಲದು. ತಿದ್ದುವವರು ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬೆರಡು ಮಾತುಗಳಲ್ಲಿ ನಿಲ್ಲದೆ, ಯಾವ ತೂತಿನಲ್ಲಿ ದಾರಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬೇಕು.

ಹಿಂಬದಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಕಸೂತಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ, ಅದರ ಹಕ್ಕು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದಲ್ಲಿದೆ. ಹೀಗಿದ್ದರೂ ಯಂತ್ರದಲ್ಲಿ ಹೊಲಿದ ಸೀರೆಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಕೊಳ್ಳುವವರು ಕೇಳಿದರೆ ಸೆರಗನ್ನು ಮಗುಚಲು ಹೇಳಿ. ಯಂತ್ರದ ಕೆಲಸದಲ್ಲಿ ಹಿಂದೆ ಬಾಬಿನ್ನಿನ ದಾರ, ಬಹುಮಟ್ಟಿಗೆ ಒಂದೇ ಬಣ್ಣದ್ದು, ಉದ್ದಕ್ಕೂ ಕಾಣುತ್ತದೆ. ಕೈಯ ಗವಂತಿಯಲ್ಲಿ ಮುಂದಿನ ಬಣ್ಣವೇ ಹಿಂದೆಯೂ ಇರುತ್ತದೆ.

ಮಾತಿನ ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಕಪ್ಪು ಬಟ್ಟೆಯ ಮೇಲೆ ಎಳೆಗಳೇ ಕಾಣುವುದಿಲ್ಲ, ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ಮಡಿಲಲ್ಲಿ ಬಿಳಿಯ ಬಟ್ಟೆ ಹಾಸಿಕೊಂಡು ಅದರ ಮೇಲೆ ಕೆಲಸ ಹಿಡಿದರೆ ಎಳೆಗಳ ನಡುವಿನ ಸಂದುಗಳಿಂದ ಬಿಳುಪು ಇಣುಕಿ ಎಣಿಕೆ ಸುಲಭವಾಗುತ್ತದೆ. ಹಗಲಿನ ಬೆಳಕು ಪಕ್ಕದಿಂದ ಬೀಳುವಂತೆ ಕುಳಿತುಕೊಳ್ಳಿ. ದೊಡ್ಡ ವಿನ್ಯಾಸವಾದರೆ ಪ್ರತಿ 20 ಎಳೆಗೆ ಒಂದರಂತೆ ಬೇರೆ ಬಣ್ಣದ ದಾರವನ್ನು ಉದ್ದಕ್ಕೆ ಓಡಿಸಿಟ್ಟು, ಕೆಲಸ ಮುಗಿದ ಮೇಲೆ ಎಳೆದು ತೆಗೆಯಿರಿ.

ಗಂಟಿಲ್ಲದೆ ಆರಂಭಿಸಿ ಮುಗಿಸುವುದು ಹೇಗೆ, ತಪ್ಪಾದರೆ ಬಿಚ್ಚುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಆರಂಭದಲ್ಲಿ ನಾಲ್ಕು ಬೆರಳಿನಷ್ಟು ದಾರವನ್ನು ಹಾಗೆಯೇ ಬಿಟ್ಟು ಹೊರಡಿ. ಹಿಂದಿರುಗಿ ಬಂದು ಗೆರೆ ತುಂಬಿದ ಮೇಲೆ ಆ ತುದಿಯನ್ನು ಸೂಜಿಗೆ ಪೋಣಿಸಿ, ಈಗಾಗಲೇ ಬಿದ್ದಿರುವ ಮೂರು ನಾಲ್ಕು ಹೊಲಿಗೆಗಳ ಎಳೆಗಳ ನಡುವೆಯೇ ಹಾಯಿಸಿ ಕತ್ತರಿಸಿ; ಕೊನೆಯ ತುದಿಯನ್ನೂ ಹೀಗೆಯೇ ಎದುರು ದಿಕ್ಕಿಗೆ ಹಾಯಿಸಿ. ಬಿಚ್ಚುವಾಗ ಸೂಜಿಯನ್ನು ಹಿಮ್ಮುಖವಾಗಿ ತೂತಿಗೆ ತೂರಿಸಲು ಹೋಗಬೇಡಿ, ಅದು ಹಿಂಬದಿಯ ದಾರವನ್ನು ಸೀಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಾರವನ್ನು ಸೂಜಿಯಿಂದ ಬಿಡಿಸಿ, ಸೂಜಿಯ ಕಣ್ಣಿನ ಕಡೆಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿ, ಒಮ್ಮೆ ಮುಂದೆ ಒಮ್ಮೆ ಹಿಂದೆ ಎಳೆದು ತೆಗೆಯಿರಿ. ಬಿಚ್ಚಿದ ಜಾಗದಲ್ಲಿ ಉಳಿಯುವ ತೂತುಗಳ ಮೇಲೆ ಸೂಜಿಯ ಪಕ್ಕದಿಂದ ಎರಡೂ ದಿಕ್ಕಿಗೆ ಮೆಲ್ಲಗೆ ಸವರಿದರೆ ಎಳೆಗಳು ಮತ್ತೆ ಒತ್ತಾಗುತ್ತವೆ. ಬಿಚ್ಚಿದ ದಾರ ನವೆದಿರುತ್ತದೆ. ಅದನ್ನು ಮತ್ತೆ ಬಳಸಬೇಡಿ.